ಒಂದೇ ಹೆಸರಿನ ಎರಡು ನಕ್ಷತ್ರಗಳು

ಬೆಳಗುತಿರುವುದದೊಂದು ಬಾನಲಿ
ಅಳತೆ ಮೀರಿದ ಬೆಳಕು ನಿನ್ನದು
ಒಳಗೆ ಹೊರಗೆಂದೆರಡು ಕಾಣದೆ ತುಂಬಿ ನಿಂತಿಹುದು
ಹೊಳೆವ ಚುಕ್ಕಿಯ ಹೆಸರು ನಿನ್ನದೆ
ತಿಳಿವ ಕಂಗಳ ಬೆರಗು ನಿನ್ನದೆ
ಎಳೆಯ ನುಡಿಯಿದನಾಲಿಸುತ್ತಲಿ ಸಲಹು ಕೇಳ್ವರನು

ನಾಮವೂ ರೂಪವೂ ಒಂದೇ ಆಗಿದ್ದು, ಒಂದನ್ನೊಂದು ಅರಿಯದೆ ನಿಂತ ಎರಡು ವಸ್ತುಗಳ ನಡುವೆ ಅರಿವಿನ ಸೇತುವೆ ಕಟ್ಟುವ ಆ ಪರಂಜ್ಯೋತಿಗೆ ಮಣಿದು ಈ ಕಥೆಯನ್ನು ಹೇಳುತ್ತೇನೆ. ಹಿರಿದು ಕಿರಿದರಲ್ಲಿ ಅಡಗಿರುತ್ತದೆ ಎಂಬುದು ಬಲ್ಲವರ ಮಾತು. ಇಲ್ಲಿ ಅದು ಅಡಗಿದ್ದದ್ದು ಅಂಗೈಯಗಲದ ಒಂದು ಕಂಪ್ಯೂಟರಿನಲ್ಲಿ.

ಸೋಮವಾರ ಬೆಳಗ್ಗೆ ಅವನು ತಾರಾಲಯದ ಗುಮ್ಮಟದೊಳಗೆ ಕಾಲಿಟ್ಟಾಗ ಹೊರಗೆ ಬಿಸಿಲು ಬೀದಿಯ ಡಾಂಬರನ್ನು ಮೆತ್ತಗೆ ಮಾಡುತ್ತಿತ್ತು. ಒಳಗೆ ತನ್ನ ಕೈ ತನಗೇ ಕಾಣದಂಥ ಕತ್ತಲೆ. ಆ ಕತ್ತಲೆಯ ನಡುವಿನಿಂದ ಒಂದು ಹೆಣ್ಣುದನಿ, ಅವಸರವಿಲ್ಲದೆ, ತುಂಬಿದ ಕೊಡವನ್ನು ಹೊತ್ತು ನಡೆಯುವವರಂತೆ ಬರುತ್ತಿತ್ತು.

“ಈ ಬೆಳಕು ಅಲ್ಲಿಂದ ಹೊರಟಾಗ ನಿಮ್ಮ ಮುತ್ತಜ್ಜಿ ಇನ್ನೂ ತೊಟ್ಟಿಲಲ್ಲಿದ್ದರು. ದಾರಿಯಲ್ಲಿ ಎಲ್ಲೂ ಕೂರದೆ, ಯಾರನ್ನೂ ಮಾತಾಡಿಸದೆ ಬಂದಿದೆ. ಇಷ್ಟು ದೂರದಿಂದ ಬಂದ ಅತಿಥಿಯನ್ನು ಬರಮಾಡಿಕೊಳ್ಳಲು ನೀವು ಮಾಡಬೇಕಾದದ್ದು ಒಂದೇ. ಕಣ್ಣು ತೆರೆದಿರಿ.”

ಅವನು ಬಾಗಿಲ ಬಳಿಯೇ ನಿಂತುಬಿಟ್ಟ. ಮೇಲೆ ಒಂದು ಚುಕ್ಕಿಯೂ ಇರಲಿಲ್ಲ, ಗುಮ್ಮಟ ಬರಿದಾಗಿತ್ತು. ಆದರೂ ಆ ಬರಿದಿನಲ್ಲಿ ಏನೋ ಮಿನುಗಿದಂತೆ ಅವನಿಗೆ ಅನಿಸಿತು. ಆಮೇಲೆ, ಬಂದ ಕೆಲಸ ನೆನಪಾಗಿ, ಗಂಟಲು ಸರಿಮಾಡಿಕೊಂಡ.

“ರೆಕಾರ್ಡಿಂಗ್ ತುಂಬಾ ಚೆನ್ನಾಗಿದೆ. ಯಾರಾದ್ರೂ ಸ್ವಲ್ಪ ನಿಲ್ಲಿಸ್ತೀರಾ? ಸರ್ವರ್ ನೋಡಬೇಕಿತ್ತು.”

ದನಿ ನಿಂತಿತು.

“ರೆಕಾರ್ಡಿಂಗ್‌ಗೆ ಕೆಮ್ಮು ಬರುತ್ತಾ?” ಎಂದು ಕತ್ತಲೆ ಕೇಳಿತು. ಕೇಳಿ, ಎರಡು ಸಲ ಕೆಮ್ಮಿತು.

ಯಾರೋ ಸ್ವಿಚ್ ಒತ್ತಿದರು. ಗೋಡೆಯಂಚಿನ ದೀಪಗಳು ಹೊತ್ತಿದಾಗ ನಿಯಂತ್ರಣದ ಮೇಜಿನ ಹಿಂದೆ, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಒಬ್ಬಳು ಕುಳಿತಿದ್ದಳು. ಹುಬ್ಬುಗಳು ಮಾತ್ರ ಸಿಟ್ಟಿನಲ್ಲಿದ್ದವು. ತುಟಿಗಳು ಇನ್ನೂ ಯಾವ ಪಕ್ಷವೆಂದು ತೀರ್ಮಾನಿಸಿರಲಿಲ್ಲ.

“ಬಂದ್ರಾ ಡಾಕ್ಟ್ರು?” ಎಂದು ಸ್ವಿಚ್ಚಿನ ಬಳಿಯಿದ್ದ ಮುದುಕರು ಕೇಳಿದರು. ಅವರು ಅವಳ ದೊಡ್ಡಪ್ಪ. ಗುಮ್ಮಟದ ದೀಪಗಳನ್ನೂ ಅವಳನ್ನೂ ಮೂವತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು. “ರೋಗಿ ಆ ಪೆಟ್ಟಿಗೆಯೊಳಗಿದೆ. ಇವಳಲ್ಲ. ಇವಳಿಗೆ ಔಷಧ ಇಲ್ಲ.”

“ದೊಡ್ಡಪ್ಪಾ!”

“ಇದ್ದದ್ದು ಹೇಳಿದೆ ಮಗಳೇ.”

ರೋಗದ ವಿವರ ಹೀಗಿತ್ತು. ಪ್ರೊಜೆಕ್ಟರಿನ ಪೀಠದೊಳಗೆ ಒಂದು ಪುಟ್ಟ ಕಂಪ್ಯೂಟರು. ಅದರಲ್ಲಿ ಆಕಾಶವನ್ನು ಬಿಡಿಸುವ ಜಾವಾ ಪ್ರೋಗ್ರಾಮು. ಆ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಹುದುಗಿದ ಒಂದು ವೆಬ್ ಸರ್ವರು, ಸರ್ವರಿನೊಳಗೆ ಅವಳ ಪ್ರದರ್ಶನ ನಡೆಸುವ ಇನ್ನೊಂದು ಪ್ರೋಗ್ರಾಮು. ಅವಳು ಟ್ಯಾಬ್ಲೆಟಿನಲ್ಲಿ ಬೆರಳಿಟ್ಟರೆ ಆ ಕೋರಿಕೆ ಸರ್ವರಿಗೆ ತಲುಪಿ, ಗುಮ್ಮಟದ ಮೇಲೆ ನಕ್ಷತ್ರ ಮೂಡಬೇಕು. ಹೋದ ತಿಂಗಳು ಅವನ ಕಂಪನಿ ಕಳಿಸಿದ ಸರ್ವರಿನ ಹೊಸ ಆವೃತ್ತಿಯನ್ನು ಹಾಕಿದ ದಿನದಿಂದ ಒಂದೂ ಮೂಡುತ್ತಿರಲಿಲ್ಲ.

“ಶುಕ್ರವಾರ ಹನ್ನೊಂದು ಗಂಟೆಗೆ ಆಡಳಿತ ಮಂಡಳಿಯವರು ಬಂದು ಕೂರ್ತಾರೆ,” ಎಂದಳು ಅವಳು. “ನಾನು ಎದುರಿಗಿದ್ದು ಹೇಳುವ ಪ್ರದರ್ಶನ ನಡೆದ್ರೆ ಸರಿ. ಇಲ್ಲದಿದ್ರೆ ಮುಂದಿನ ವಾರದಿಂದ ಸಿನಿಮಾ. ಬೇರೆ ಯಾರದೋ ದನಿ, ಬೇರೆ ಯಾರದೋ ಆಕಾಶ, ದಿನಕ್ಕೆ ಆರು ಸಲ, ಒಂದಕ್ಷರ ಬದಲಾಗದೆ.” ಅವನನ್ನು ಒಮ್ಮೆ ನೇರ ನೋಡಿದಳು. “ನಿಮಗೆ ರೆಕಾರ್ಡಿಂಗ್ ಇಷ್ಟ ಅಂತ ಕಾಣುತ್ತೆ. ನಿಮ್ಮನ್ನ ಕೇಳಿ ಪ್ರಯೋಜನ ಇಲ್ಲ.”

“ಮೇಡಮ್, ನಾನು ಹೊಗಳಿದ್ದು...”

“ಗೊತ್ತು. ಅದಕ್ಕೇ ಇನ್ನೂ ಮಾತಾಡ್ತಿದೀನಿ.”

ಆ ಕೊನೆಯ ಮಾತಿಗೆ ಅವಳ ತುಟಿಗಳು ಯಾವ ಪಕ್ಷವೆಂದು ಗೊತ್ತಾಯಿತು. ಅವನು ಲ್ಯಾಪ್‌ಟಾಪ್ ತೆರೆಯಲು ಮೂರು ಸಲ ಪಾಸ್‌ವರ್ಡ್ ತಪ್ಪು ಹೊಡೆದ.

ಮಂಗಳವಾರ ಬೆಳಗ್ಗಿನಿಂದ ಅವನು ಯಂತ್ರದ ದಿನಚರಿಯಾದ ಲಾಗ್ ಓದಿದ. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲಿನ ಮುಂದೆ ನಿಂತ. ಹಾಳು ಗುಡಿಯ ಕಂಬದಲ್ಲಿ ಶಾಸನ ಕಂಡವನಂತೆ ನಿಂತ. ಅಲ್ಲಿ ಯಂತ್ರವು ಬರೆದದ್ದು ಇಷ್ಟೇ: ಸ್ಟಾರ್ ಎಂಬುದನ್ನು ಸ್ಟಾರ್ ಎಂದು ಒಪ್ಪಿಕೊಳ್ಳಲಾಗದು.

“ಇದೇನು ಜಗಳ?” ಎಂದು ದೊಡ್ಡಪ್ಪ ಬಗ್ಗಿ ನೋಡಿದರು. “ನಕ್ಷತ್ರಾನ ನಕ್ಷತ್ರ ಅಂತ ಒಪ್ಪಲ್ವಂತಾ? ಮತ್ತೇನಂತೆ, ಕುಂಬಳಕಾಯಿ?”

“ಇಬ್ಬರು ಇದಾರೆ ಯಜಮಾನ್ರೇ. ಎರಡು ಸ್ಟಾರ್. ಒಂದೇ ಹೆಸರು, ಒಂದೇ ಮೈಕಟ್ಟು. ಆದ್ರೆ ಬೇರೆ ಬೇರೆ ಬಾಗಿಲಿಂದ ಒಳಗೆ ಬಂದಿವೆ.”

ಅವಳು ಕುರ್ಚಿ ಎಳೆದುಕೊಂಡು ಬಂದಳು. ಅವನು ಮಾತು ಬಾರದವನು. ಪರದೆಯ ಮುಂದೆ ಮಾತ್ರ ಅವನಿಗೆ ಮಾತು ಕೂಡಿಬರುತ್ತಿತ್ತು.

“ಜಾವಾದಲ್ಲಿ ವಸ್ತುವಿನ ಅಚ್ಚಿಗೆ ಕ್ಲಾಸ್ ಅಂತೀವಿ, ಒಂದು ಕ್ಲಾಸಿನ ಗುರುತು ಅಂದ್ರೆ ಹೆಸರೊಂದೇ ಅಲ್ಲ. ಅದನ್ನ ಯಾರು ಕರೆತಂದ್ರು ಅನ್ನೋದೂ ಸೇರಿ ಗುರುತು. ಕರೆತರೋರಿಗೆ ಕ್ಲಾಸ್ ಲೋಡರ್ ಅಂತೀವಿ. ಅವರಲ್ಲೂ ತಂದೆ, ಮಗ ಅಂತ ಇರ್ತಾರೆ. ಹಳೇ ಸಂಪ್ರದಾಯ ಏನಂದ್ರೆ, ಏನು ಬೇಕಾದ್ರೂ ಮಗ ಮೊದಲು ತಂದೇನ ಕೇಳಬೇಕು. ತಂದೆ ಹತ್ರ ಇಲ್ಲದಿದ್ರೆ ಮಾತ್ರ ತನ್ನ ಜೇಬಲ್ಲಿ ಹುಡುಕಬೇಕು.”

“ಒಳ್ಳೇ ಮನೆತನ,” ಎಂದರು ದೊಡ್ಡಪ್ಪ.

“ವೆಬ್ ಸರ್ವರಲ್ಲಿ ಉಲ್ಟಾ. ಅಲ್ಲಿ ಮಗ ಮೊದಲು ತನ್ನ ಜೇಬು ನೋಡ್ತಾನೆ. ಸರ್ವರ್ ಹತ್ರ ಒಂದು ನಕ್ಷತ್ರಕೋಶ ಇದೆ, ಅಂದ್ರೆ ನಕ್ಷತ್ರಗಳ ಲೆಕ್ಕ ಎಲ್ಲ ಕಟ್ಟಿಟ್ಟ ಗಂಟು, ಜಾರ್ ಫೈಲ್ ಅಂತೀವಿ. ಮೇಡಮ್ ಪ್ರೋಗ್ರಾಮಿನ ಜೇಬಲ್ಲೂ ಒಂದಿದೆ. ಹಳೇ ಆವೃತ್ತೀಲಿ ಇಬ್ಬರಿಗೂ ಒಬ್ಬನೇ ಲೋಡರ್, ಗಲಾಟೆ ಇರಲಿಲ್ಲ. ಹೊಸದ್ರಲ್ಲಿ ಮೇಡಮ್ ಪ್ರೋಗ್ರಾಮಿಗೆ ಬೇರೆ ಮನೆ ಮಾಡಿಕೊಟ್ಟಿದೀವಿ. ಅದು ತನ್ನ ನಕ್ಷತ್ರಾನ ತಂದು ಪ್ರೊಜೆಕ್ಟರ್ ಕೈಗೆ ಕೊಡುತ್ತೆ. ಪ್ರೊಜೆಕ್ಟರ್ ನೋಡಿ, ಇದು ನಮ್ಮ ಮನೇದಲ್ಲ ಅನ್ನುತ್ತೆ.”

ಹೆಸರು ಒಂದು, ರೂಪ ಒಂದು, ಗುಣವೂ ಒಂದು, ಆದರೂ ಬೇರೆ. ತರ್ಕದ ಗ್ರಂಥಗಳಲ್ಲಿ ಪಂಡಿತರು ತಲೆತಲಾಂತರ ವಾದಿಸಿದ ಪ್ರಶ್ನೆಯೊಂದು ಆ ಪುಟ್ಟ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಕುಳಿತು ತನ್ನ ತೀರ್ಪನ್ನು ತಾನೇ ಬರೆದುಕೊಂಡಿತ್ತು.

“ಎಷ್ಟು ಚೆನ್ನಾಗಿದೆ,” ಎಂದಳು ಅವಳು ಮೆಲ್ಲಗೆ.

“ಕೆಟ್ಟುಹೋಗಿದೆ ಮೇಡಮ್.”

“ಕೆಟ್ಟಿರೋದೇ ಇಷ್ಟು ಚೆನ್ನಾಗಿದೆ ಅಂದೆ.”

ಅವನು ತಿರುಗಿದ. ಪರದೆಯ ಬೆಳಕು ಅವಳ ಕೆನ್ನೆಯ ಒಂದು ಪಕ್ಕವನ್ನು ಮಾತ್ರ ತೋರುತ್ತಿತ್ತು, ಎಂಟನೆಯ ದಿನದ ಚಂದ್ರನ ಹಾಗೆ. ಉಳಿದರ್ಧವನ್ನು ಊಹಿಸುತ್ತ ಕುಳಿತವನಿಗೆ, ಅವಳೂ ತನ್ನನ್ನು ನೋಡುತ್ತಿದ್ದಾಳೆಂಬುದು ತಡವಾಗಿ ತಿಳಿಯಿತು. ಇಬ್ಬರೂ ಒಟ್ಟಿಗೇ ಲಾಗಿನ ಕಡೆ ತಿರುಗಿದರು. ಲಾಗಿನಲ್ಲಿ ಹೊಸದೇನೂ ಇರಲಿಲ್ಲ.

ತಪ್ಪು ನಡೆದದ್ದು ಬುಧವಾರ.

ಅವಳು ಊಟಕ್ಕೆ ಹೋಗಿದ್ದಳು. ಅವನಿಗೆ ದಾರಿ ಸ್ಪಷ್ಟವಾಗಿತ್ತು: ಎರಡು ಕೋಶಗಳಿವೆ, ಒಂದು ಸಾಕು. ಸರ್ವರಿನದು ಕಂಪನಿಯದು, ಆದ್ದರಿಂದ ಮೂಲ. ಅವಳ ಪ್ರೋಗ್ರಾಮಿನದು ಹಾಗಾದರೆ ನಕಲು. ಅವಳ ಜಾರನ್ನು ತೆಗೆದು ಪಕ್ಕದ ಫೋಲ್ಡರಿಗೆ ಹಾಕಿ ಸರ್ವರನ್ನು ಮತ್ತೆ ಚಾಲೂ ಮಾಡಿದ. ಗುಮ್ಮಟದ ತುಂಬ ನಕ್ಷತ್ರಗಳು ಹಿಂಡು ಹಿಂಡಾಗಿ ಎದ್ದವು. ಒಂದು ತಿಂಗಳ ಬರಿದು ಒಂದು ಉಸಿರಿಗೆ ತುಂಬಿತು. ಅವನು ಒಬ್ಬನೇ ನಿಂತು, ಬಾಯಿ ತೆರೆದು, ಚಿಕ್ಕ ಮಗುವಿನಂತೆ ನಕ್ಕ.

ಅವಳು ಬಾಗಿಲಲ್ಲಿ ನಿಂತು ಅದನ್ನು ಕಂಡಳು. ಓಡಿಬಂದು ಟ್ಯಾಬ್ಲೆಟ್ ಎತ್ತಿಕೊಂಡಳು. “ಒಂದು ದಿನಾಂಕ ಹೇಳಿ. ಯಾವುದಾದ್ರೂ!”

ಅವನು ಹೇಳಿದ. ಅವಳು ಒತ್ತಿದಳು. ಇಡೀ ಆಕಾಶ ಒಮ್ಮೆಲೇ ಆರಿಹೋಯಿತು.

ಲಾಗಿನಲ್ಲಿ ಹೊಸ ಸಾಲು: ಅಂಥ ಮೆಥಡ್, ಅಂದರೆ ಆ ಲೆಕ್ಕ ಮಾಡುವ ಬಗೆ, ಇಲ್ಲ.

“ನನ್ನ ಜಾರ್ ಎಲ್ಲಿ?” ಎಂದು ಅವಳು ಕೇಳಿದ ದನಿಯಲ್ಲಿ ಏರಿಳಿತವೇ ಇರಲಿಲ್ಲ.

“ತೆಗೆದೆ. ಪಕ್ಕಕ್ಕಿಟ್ಟಿದೀನಿ, ಅಳಿಸಿಲ್ಲ. ಅದು ನಕಲು ಅಂತ...”

“ನಾಲ್ಕು ವರ್ಷ,” ಎಂದಳು. “ನಿಮ್ಮ ಕೋಶದಲ್ಲಿ ಇವತ್ತಿನ ಆಕಾಶ ಒಂದೇ ಇತ್ತು. ಬಂದವರು, ನಾನು ಹುಟ್ಟಿದ ದಿನದ ಆಕಾಶ ತೋರಿಸಿ ಅಂತ ಕೇಳೋರು. ತೋರಿಸೋಕೆ ಆಗ್ತಿರಲಿಲ್ಲ. ರಜಾ ದಿನ ಎಲ್ಲ ಕೂತು ಕಲಿತು, ನಿಮ್ಮದಕ್ಕೆ ನಾನೇ ಸೇರಿಸಿದೆ. ಕಂಪನಿಗೆ ಎರಡು ಸಲ ಕಳಿಸಿದೆ, ಉತ್ತರ ಬರಲಿಲ್ಲ. ಆಮೇಲೆ ನಿಮ್ಮವರು ಒಂದು ಸಲ ಹೇಳದೆ ಕೇಳದೆ ಕೋಶ ಬದಲಾಯಿಸಿದ್ರು, ನನ್ನ ಪ್ರದರ್ಶನ ಮೂರು ದಿನ ನಿಂತುಹೋಯ್ತು. ಅವತ್ತಿಂದ ನನ್ನದನ್ನ ನನ್ನ ಜೇಬಲ್ಲೇ ಇಟ್ಕೊಂಡು ಓಡಾಡ್ತೀನಿ.” ಟ್ಯಾಬ್ಲೆಟನ್ನು ಮೇಜಿನ ಮೇಲೆ, ಸದ್ದಾಗದಂತೆ ಇಟ್ಟಳು. “ಬಂದ ದಿನ ನನ್ನ ದನೀನ ರೆಕಾರ್ಡಿಂಗ್ ಅಂದ್ರಿ. ಇವತ್ತು ನನ್ನ ಕೆಲಸಾನ ನಕಲು ಅಂದ್ರಿ. ಒಂದು ಮಾತು ಕೇಳಬಹುದಿತ್ತು.”

ಅವಳು ಹೊರಗೆ ಹೋದಳು. ದೊಡ್ಡಪ್ಪ ಏಣಿಯ ಮೇಲಿಂದ ಎಲ್ಲ ನೋಡಿದ್ದರು.

“ಡಾಕ್ಟ್ರೇ, ರೋಗ ವಾಸಿ ಮಾಡೋಕೆ ಹೋಗಿ ರೋಗಿ ಕೈನೇ ಕತ್ತರಿಸಿದ್ರಲ್ಲ.”

“ಹೌದು ಯಜಮಾನ್ರೇ.”

“ಹೌದು ಅಂದ್ರಲ್ಲ, ಸದ್ಯ. ಬಹಳ ಜನ ಕೈ ಇರಲೇ ಇಲ್ಲ ಅಂತಾರೆ.”

ಆ ಸಂಜೆ ತನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಅವನು ಅವಳ ಕೋಶವನ್ನು ಮೊದಲ ಸಾಲಿನಿಂದ ಓದಿದ. ಅವಳು ಓದಿದ್ದು ಖಗೋಳ. ಪ್ರೋಗ್ರಾಮಿಂಗ್ ತಾನೇ ಕಲಿತದ್ದು. ಕೆಲವು ಕಡೆ ಸುತ್ತುದಾರಿ ಹಿಡಿದಿದ್ದಳು, ಕೆಲವು ಕಡೆ ಎಡವಿದ್ದಳು. ಆದರೆ ಚಂದ್ರನ ಗತಿಯನ್ನು ಲೆಕ್ಕ ಹಾಕುವ ಭಾಗಕ್ಕೆ ಬಂದಾಗ ಅವನ ಬೆನ್ನು ನೆಟ್ಟಗಾಯಿತು. ಒಂದೊಂದು ಸಣ್ಣ ಓಲಾಟಕ್ಕೂ ಒಂದೊಂದು ತಿದ್ದುಪಡಿ, ಒಂದೊಂದು ತಿದ್ದುಪಡಿಗೂ ಒಂದು ಟಿಪ್ಪಣಿ. ಒಂದು ಟಿಪ್ಪಣಿ ಹೀಗಿತ್ತು: ‘ಇಷ್ಟು ಸೂಕ್ಷ್ಮ ಯಾರಿಗೂ ಕಾಣುವುದಿಲ್ಲ. ಆದರೆ ಚಂದ್ರ ಇರುವುದೇ ಹೀಗೆ.’

ಆ ವಾಕ್ಯವನ್ನು ಅವನು ಕೈಮುಗಿಯುವಂತೆ ಓದಿದ. ಕಾಣದವರ ಮುಂದೆಯೂ ಸುಳ್ಳಾಡದ ಮನಸ್ಸೊಂದು ಸಾಲು ಸಾಲಾಗಿ ಅವನೆದುರು ತೆರೆದಿತ್ತು. ಪ್ರೀತಿಯೆಂಬುದು ಕಣ್ಣಿನಿಂದ ಒಳಗೆ ಬರುತ್ತದೆಂದು ಕವಿಗಳು ಹೇಳುತ್ತಾರೆ. ಅವನಿಗೆ ಅದು ಒಂದು ಟಿಪ್ಪಣಿಯಿಂದ ಬಂತು.

ಗುರುವಾರ ಅವಳು ಬರುವ ಮೊದಲೇ ಅವನು ಬಂದು ಬಾಗಿಲಲ್ಲಿ ನಿಂತಿದ್ದ.

“ಒಂದು ಮಾತು ಕೇಳಬಹುದಾ ಮೇಡಮ್?”

“ಇವತ್ತು ಕೇಳೋದು ಕಲಿತ್ರಾ?”

“ಹೂಂ. ನಿಮ್ಮದು ನಕಲಲ್ಲ. ನಮ್ಮದೇ ಹಿಂದುಳಿದದ್ದು. ನಿಮ್ಮ ಕೋಶಾನೇ ಎಲ್ಲರಿಗೂ ಮೂಲ ಮಾಡೋಣ ಅಂತಿದೀನಿ. ನಿಮ್ಮ ಜೇಬಲ್ಲೂ ಬೇಡ, ಪ್ರೊಜೆಕ್ಟರ್ ಜೇಬಲ್ಲೂ ಬೇಡ. ಮೇಲೆ, ತಂದೆಯ ಹತ್ರ ಇಡೋಣ. ನಕ್ಷತ್ರದ ವಿಷಯ ಬಂದ್ರೆ ಇಬ್ಬರೂ ಅಲ್ಲೇ ಹೋಗಿ ಕೇಳಬೇಕು ಅಂತ ಸರ್ವರಿಗೆ ನಿಯಮ ಬರೀತೀನಿ. ಕಂಪನೀಲಿ ನಮ್ಮ ಮುಖ್ಯಸ್ಥರಿಗೆ ಬೆಳಗ್ಗೆ ಫೋನ್ ಮಾಡಿ ಒಪ್ಪಿಸಿದೀನಿ. ಇನ್ನು ನೀವು ಒಪ್ಪಬೇಕು.” ಒಂದು ಕ್ಷಣ ತಡೆದು ಹೇಳಿದ: “ಚಂದ್ರನ ಭಾಗ ಓದಿದೆ. ನನಗೆ ಹಾಗೆ ಬರೆಯೋಕೆ ಬರಲ್ಲ.”

ಅವಳು ಅವನ ಪಕ್ಕದಿಂದ ಹಾದು ಒಳಗೆ ಹೋಗುತ್ತ, “ನಿಂತೇ ಇರ್ತೀರಾ ಸರ್ವರ್ ಸಾಹೇಬ್ರೇ? ಕೆಲಸ ಇದೆ,” ಎಂದಳು.

ಭುಜಕ್ಕೆ ಭುಜ ತಾಗಿಸದಂತೆ, ತಾಗಿದರೆ ಸರಿಯದಂತೆ, ಇಬ್ಬರೂ ಮಧ್ಯಾಹ್ನದವರೆಗೆ ಕುಳಿತರು. ಅವನು ಅವಳ ಸುತ್ತುದಾರಿಗಳನ್ನು ನೇರ ಮಾಡಿದ. ಅವಳು ಅವನು ಕೋಡಿನಲ್ಲಿ ಹೆಸರಿಡುವ ಒರಟುತನವನ್ನು ತಿದ್ದಿದಳು. ಕೋಶ ಒಂದಾಯಿತು. ಸರ್ವರು ಎದ್ದಿತು. ಗುಮ್ಮಟದಲ್ಲಿ ಆಕಾಶ ನಿಂತಿತು.

“ಈಗ ದಿನಾಂಕ. ನೀವು ಹುಟ್ಟಿದ್ದು ಯಾವತ್ತು?”

“ಜೂನ್ ಒಂದು ಅಂತ ಬರೆದಿದೆ. ಅದು ಮೇಷ್ಟ್ರು ಕೊಟ್ಟ ಹುಟ್ಟು. ಶಾಲೆಗೆ ಸೇರಿಸೋಕೆ ವಯಸ್ಸು ಸಾಲದೆ ಅವರೇ ಬರೆದ್ರು. ನಿಜವಾದ ದಿನ ಯಾರಿಗೂ ನೆನಪಿಲ್ಲ.” ಅವನು ನಾಚಿ ನಕ್ಕ. “ಅಮ್ಮ ಒಂದು ಕಥೆ ಹೇಳ್ತಿದ್ಲು. ನಾನು ಹುಟ್ಟಿದ ಸಂಜೆ ಹುಣ್ಣಿಮೆ ಚಂದ್ರ ಒಂದು ಕೆಂಪು ಚುಕ್ಕೀನ ನುಂಗಿ, ಆಮೇಲೆ ಉಗುಳಿದನಂತೆ. ನನಗೆ ಹದಿನಾಲ್ಕು ಆಗೋ ತನಕ ಇದ್ಲು. ಕೇಳಿದಾಗಲೆಲ್ಲ ಇದೇ ಕಥೆ. ಮಕ್ಕಳಿಗೆ ಹೇಳೋದಲ್ವಾ, ಹಾಗೆ.”

ಅವಳು ನಗಲಿಲ್ಲ. ಟ್ಯಾಬ್ಲೆಟಿನ ಮೇಲಿದ್ದ ಬೆರಳು ಅಲ್ಲೇ ನಿಂತಿತ್ತು.

“ಅದು ಕಥೆ ಅಂತ ಯಾರು ಹೇಳಿದ್ರು ನಿಮಗೆ?”

“ಅಂದ್ರೆ?”

“ಕೆಂಪು ಚುಕ್ಕಿ ಅಂದ್ರೆ ರೋಹಿಣಿ ಇರಬಹುದು. ಹುಣ್ಣಿಮೆ ಚಂದ್ರ ರೋಹಿಣಿ ಹತ್ರ ಬರೋದು ವರ್ಷಕ್ಕೆ ಒಂದೇ ಸಲ, ಚಳಿ ಶುರುವಾಗೋ ಹೊತ್ತಿಗೆ. ಅವಳನ್ನ ಪೂರ್ತಿ ಮರೆ ಮಾಡೋದು ಹದಿನೆಂಟು ಹತ್ತೊಂಬತ್ತು ವರ್ಷಕ್ಕೊಮ್ಮೆ ಬರೋ ಮೂರ್ನಾಲ್ಕು ವರ್ಷದ ಗುಂಪಿನಲ್ಲಿ ಮಾತ್ರ. ಒಂದೇ ಊರಿಂದ, ಸಂಜೆ ಹೊತ್ತಲ್ಲಿ ಕಾಣೋದು ಅಂದ್ರೆ...” ಅವಳ ಕಣ್ಣುಗಳು ಅಗಲವಾದವು. “ನಿಮ್ಮ ಊರು ಎಲ್ಲಿ ಅಂತ ನಕ್ಷೇಲಿ ತೋರಿಸಿ. ಅವತ್ತು ಎಚ್ಚರ ಇದ್ದೋರು ಯಾರಾದ್ರೂ ಇದಾರಾ?”

ಇದ್ದವಳು ಒಬ್ಬಳೇ. ಅವನು ಅಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

“ಅಕ್ಕಾ, ನಾನು ಹುಟ್ಟಿದಾಗ ಚಳಿ ಇತ್ತಾ?”

“ಏನಾಯ್ತೋ ನಿನಗೆ? ಊಟ ಮಾಡಿದೀಯೋ ಇಲ್ವೋ?”

“ಮಾಡಿದೀನಿ. ಹೇಳೇ.”

“ಇತ್ತಪ್ಪಾ. ನನಗೆ ಏಳು ವರ್ಷ. ಅಪ್ಪ ನನಗೆ ಕಂಬಳಿ ಸುತ್ತಿ ಹೊರಗೆ ಮೆಟ್ಟಿಲ ಮೇಲೆ ಕೂರಿಸಿದ್ರು. ಒಳಗೆ ಅಮ್ಮ, ಸೂಲಗಿತ್ತಿ. ನನಗೆ ಅಳು. ಚಂದ್ರನ್ನ ನೋಡ್ತಾ ಕೂತ್ಕೋ, ಅದು ಮೇಲೆ ಬರೋದ್ರೊಳಗೆ ಪಾಪು ಬರುತ್ತೆ ಅಂದ್ರು.”

ಅವಳು ಫೋನಿನ ಕಡೆಗೆ ಬಾಗಿದಳು. “ಅಕ್ಕಾ, ಚುಕ್ಕಿ ಚಂದ್ರನ ಯಾವ ಕಡೆಯಿಂದ ಒಳಗೆ ಹೋಯ್ತು, ನೆನಪಿದೆಯಾ?”

“ಯಾರಮ್ಮಾ ನೀನು?”

“ಇಲ್ಲಿ ಕೆಲಸ ಮಾಡ್ತೀನಿ ಅಕ್ಕಾ. ಯೋಚನೆ ಮಾಡಿ ಹೇಳಿ.”

“ಕೆಳಗಿತ್ತು. ಚಂದ್ರನ ಕೆಳಗೆ ಕೆಂಪಗೆ ಇತ್ತು. ಅಲ್ಲಿಂದಲೇ ಒಳಗೆ ಹೋಯ್ತು. ಬಹಳ ಹೊತ್ತಾದ ಮೇಲೆ ಮೇಲ್ಗಡೆಯಿಂದ ಆಚೆ ಬಂತು. ಬಂದ ತಕ್ಷಣ ಒಳಗೆ ಇವನ ಅಳು ಕೇಳಿಸ್ತು. ನಾನು ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕಣ್ಣಿಂದ ಅದನ್ನ ನೋಡೇ ಇಲ್ಲ, ನಾನು ಹೇಳಿದ್ದನ್ನೇ ಇವನಿಗೆ ಹೇಳ್ತಿದ್ಲು. ದೊಡ್ಡವಳಾದ ಮೇಲೆ ನನಗೇ ಅನುಮಾನ, ಕನಸೇನೋ ಅಂತ.”

ಅವನು ತೋರಿಸಿದ ಊರಿನಿಂದ, ಅವನು ಹುಟ್ಟಿದ ವರ್ಷದ ಆಸುಪಾಸಿನಲ್ಲಿ, ಇದಕ್ಕೆಲ್ಲ ಹೊಂದುವ ಸಂಜೆ ಅವಳ ಕೋಶದಲ್ಲಿ ಒಂದೇ ಇತ್ತು.

ಅವಳು ಒತ್ತಿದಳು. ದೊಡ್ಡಪ್ಪ ದೀಪ ಆರಿಸಿದರು.

ಗುಮ್ಮಟದ ಪೂರ್ವದಂಚಿನಿಂದ ಪೂರ್ಣಚಂದ್ರ ಏರಿದ. ಅವನ ಕೆಳಗೆ, ಒಂದು ಬೆರಳಿನ ದೂರದಲ್ಲಿ, ಕೆಂಪು ರೋಹಿಣಿ. ವರ್ಷಗಳ ಹಿಂದೆ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕುಳಿತ ಏಳು ವರ್ಷದ ಕಣ್ಣುಗಳು ಕಂಡದ್ದನ್ನು ಈಗ ಮೂರು ಜನ ಕಾಣುತ್ತಿದ್ದರು. ಚಂದ್ರ ಏರಿದ, ಏರುತ್ತಲೇ ಮೆಲ್ಲಗೆ ಹಿಂದೆ ಜಾರಿದ. ಅವನ ಕೆಳಗಿನ ಅಂಚು ಚುಕ್ಕಿಯನ್ನು ಮುಟ್ಟಿತು. ಚುಕ್ಕಿ ಆರಿತು.

ಅವಳು ಕಾಲವನ್ನು ಓಡಿಸಬಹುದಿತ್ತು, ಓಡಿಸಲಿಲ್ಲ. ಸುಮಾರು ಒಂದು ಗಂಟೆ ಆ ಕತ್ತಲೆಯಲ್ಲಿ ಅವರು ಕುಳಿತರು. ಅಲ್ಲಿ, ಆ ಬೆಳ್ಳನೆಯ ಬಟ್ಟಲಿನ ಮರೆಯಲ್ಲಿ, ಅವನ ತಾಯಿ ಇನ್ನೂ ನೋಯುತ್ತಿದ್ದಳು. ಅವನು ಇನ್ನೂ ಹುಟ್ಟಿರಲಿಲ್ಲ. ಆಮೇಲೆ ಚಂದ್ರನ ಮೇಲಂಚಿನಲ್ಲಿ, ಸೂಜಿಯ ಮೊನೆಯಷ್ಟು, ಕೆಂಪು ಕಿಡಿ ಚಿಮ್ಮಿತು.

“ಈಗ,” ಎಂದಳು ಅವಳು. “ಈಗ ಹುಟ್ಟಿದ್ರಿ ನೀವು.”

ಅವನ ಕೆನ್ನೆ ತೊಯ್ದಿದ್ದನ್ನು ಕತ್ತಲೆ ಮರೆಮಾಡಿತು, ಆದರೆ ಉಸಿರನ್ನು ಮರೆಮಾಡಲಿಲ್ಲ. ಅವಳ ಕೈ ಬಂದು ಅವನ ಕೈಮೇಲೆ ಕುಳಿತಿತು.

“ಡಿಸೆಂಬರ್ ಮೂರು,” ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದಳು. “ಮೇಷ್ಟ್ರು ನಿಮಗೆ ಆರು ತಿಂಗಳು ಹೆಚ್ಚಿಗೆ ಬರೆದುಬಿಟ್ಟಿದಾರೆ. ಅಷ್ಟೂ ದಿನ ವಾಪಸ್ ಬಂತು ನೋಡಿ. ಏನು ಮಾಡ್ತೀರಾ ಅದನ್ನ?”

ಅವನು ಉತ್ತರಿಸುವ ಮೊದಲೇ ಮೇಜಿನ ಮೇಲೆ ಇನ್ನೂ ಕರೆ ಕಡಿಯದ ಫೋನು ಮೂಗು ಸೀಟಿತು.

“ನಿಜಾನಾ? ನಾನು ಕಂಡಿದ್ದು ನಿಜಾನಾ?” ಎಂದಿತು ಅಕ್ಕನ ದನಿ. ಆಮೇಲೆ ಸಾವರಿಸಿಕೊಂಡು: “ಏ ತಮ್ಮಾ. ಈ ಹುಡುಗಿ ಯಾರೋ? ಬರೀ ಕೆಲಸ ಮಾಡೋಳು ಅಂದ್ಲಲ್ಲ, ನಾನು ನಂಬಲ್ಲ.”

ದೊಡ್ಡಪ್ಪ ಕತ್ತಲೆಯಲ್ಲೇ ಹೇಳಿದರು: “ನಾನೂ ನಂಬಲ್ಲ ತಾಯೀ.”

ಶುಕ್ರವಾರ ಹನ್ನೊಂದಕ್ಕೆ ಮಂಡಳಿಯ ಮೂವರು ಬಂದರು. ಅಧ್ಯಕ್ಷೆ ಭೂವಿಜ್ಞಾನ ಕಲಿಸಿ ನಿವೃತ್ತರಾದವರು; ಕಲ್ಲುಗಳ ಜೊತೆ ಬಾಳಿ ಕಲ್ಲಿನಂತೆಯೇ ಮಾತು ಕಡಿಮೆ. ಹಿಂದೆ ಎರಡು ಶಾಲೆಗಳ ಮಕ್ಕಳು ಸೀಟುಗಳನ್ನು ತುಂಬಿದ್ದರು. ಅವನು ನಿಯಂತ್ರಣದ ಮೇಜಿನ ಮೂಲೆಯಲ್ಲಿ ಲಾಗಿನ ಮೇಲೆ ಕಣ್ಣಿಟ್ಟು ಕುಳಿತ. ಅವಳು ಮಾತಾಡಿದಳು.

ಅದನ್ನು ವರ್ಣಿಸಲು ನನ್ನ ಮಾತು ಸಾಲದು. ಒಬ್ಬಳು ಹೆಣ್ಣುಮಗಳು ಬೆರಳೆತ್ತಿದಲ್ಲಿ ಒಂದು ಸೂರ್ಯ ಹುಟ್ಟುತ್ತಿತ್ತು. ಮಕ್ಕಳು ತಮ್ಮ ತಮ್ಮ ದಿನಗಳನ್ನು ಕೂಗಿದರು. ಒಬ್ಬೊಬ್ಬರಿಗೂ ಒಂದೊಂದು ಆಕಾಶ ಬಂದು ಬಾಗಿತು. ಗಲಾಟೆ ತಾನಾಗಿ ಇಳಿದು, ಕೊನೆಗೆ ನೂರೈವತ್ತು ಬಾಯಿಗಳು ತೆರೆದು ಮೌನವಾದವು. ಲಾಗಿನಲ್ಲಿ ಒಂದು ತಪ್ಪೂ ಬೀಳಲಿಲ್ಲ.

ದೀಪ ಬಂದಾಗ ಅಧ್ಯಕ್ಷೆ ಎದ್ದು ನಿಂತರು.

“ಚೆನ್ನಾಗಿದೆ. ಆದರೆ ಒಂದು ತೊಂದರೆ. ಇದು ನಡೆಯೋದು ನೀವೊಬ್ಬರು ಇದ್ದರೆ ಮಾತ್ರ. ನಾಳೆ ನಿಮಗೆ ಗಂಟಲು ಕಟ್ಟಿದರೆ? ಸಿನಿಮಾಕ್ಕೆ ಗಂಟಲು ಕಟ್ಟೋದಿಲ್ಲ. ಎರಡನೆಯವರು ಯಾರಿದ್ದಾರೆ?”

ಎರಡನೆಯವರು ಯಾರೂ ಇರಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು. ಇಷ್ಟೆಲ್ಲ ಗೆದ್ದು ಕೊನೆಯ ಮೆಟ್ಟಿಲಲ್ಲಿ ಎಡವಿದಂತೆ ನಿಂತಳು.

“ನಾನಿದೀನಿ,” ಎಂದಿತು ಒಂದು ದನಿ. ಅದು ತನ್ನದೆಂದು ತಿಳಿದು ಅವನೇ ಬೆಚ್ಚಿದ.

“ನೀವು ಸರ್ವರ್ ರಿಪೇರಿಯವರಲ್ವಾ?”

“ಹೌದು ಮೇಡಮ್. ನನ್ನ ಕೆಲಸ ಎಲ್ಲಿಂದ ಬೇಕಾದ್ರೂ ಮಾಡಬಹುದು. ಇಲ್ಲೇ ಇರ್ತೀನಿ.”

“ಅವರಿಗೆ ಮಾತು ಬರಲ್ಲ!” ಎಂದು ದೊಡ್ಡಪ್ಪ ಗಾಬರಿಯಿಂದ ಪಿಸುಗುಟ್ಟಿದ್ದು ಇಡೀ ಗುಮ್ಮಟಕ್ಕೆ ಕೇಳಿಸಿತು.

ಅಧ್ಯಕ್ಷೆ ಮತ್ತೆ ಕುಳಿತರು. “ಬರುತ್ತೋ ಇಲ್ಲವೋ ನೋಡೋಣ. ಐದು ನಿಮಿಷ.”

ಅವನು ಟ್ಯಾಬ್ಲೆಟ್ ತೆಗೆದುಕೊಂಡ. ಅವಳ ಬೆರಳುಗಳು ಅದನ್ನು ಬಿಡಲು ಒಂದು ಕ್ಷಣ ತಡಮಾಡಿದವು. ದೀಪ ಆರಿತು. ಅವನು ಯಾವ ಹಳೆಯ ದಿನವನ್ನೂ ಆರಿಸಲಿಲ್ಲ. ಆ ಗಳಿಗೆಯನ್ನೇ ಆರಿಸಿದ. ಮೇಲೆ ನಡುಹಗಲಿನ ಸೂರ್ಯ, ನೀಲಿ. ಬೇರೇನಿಲ್ಲ. ಮಕ್ಕಳು ಕಿಸಿಕ್ಕೆಂದರು.

“ಇದು ಈಗ ಈ ಛಾವಣಿ ಮೇಲಿರೋ ಆಕಾಶ,” ಎಂದ. “ಹೊರಗೆ ಹೋಗಿ ನೋಡಿದ್ರೆ ಇಷ್ಟೇ ಕಾಣೋದು. ನಾನೂ ಇಷ್ಟು ದಿನ ಇಷ್ಟೇ ಅಂದ್ಕೊಂಡಿದ್ದೆ.” ಅವನು ನೀಲಿಯನ್ನು ಮೆಲ್ಲಗೆ ಇಳಿಸಿದ. ಸೂರ್ಯನ ಸುತ್ತಲೇ, ನಟ್ಟನಡು ಹಗಲಲ್ಲಿ, ಒಂದೊಂದಾಗಿ, ಸಾವಿರಾರು ನಕ್ಷತ್ರಗಳು ಕಾಣಿಸಿಕೊಂಡವು. ಯಾವುದೋ ಮಗು “ಅಯ್ಯಬ್ಬಾ” ಎಂದಿತು.

“ಎಲ್ಲ ಇಲ್ಲೇ ಇದ್ವು. ಈಗಲೂ ಇವೆ. ಹಗಲು ಅಂದ್ರೆ ನಕ್ಷತ್ರ ಇಲ್ಲದ ಹೊತ್ತಲ್ಲ. ನಮ್ಮ ಹತ್ತಿರದ ಬೆಳಕು ಜಾಸ್ತಿಯಾಗಿ ಕಾಣದೆ ಇರೋ ಹೊತ್ತು. ನಾನು ಯಂತ್ರ ನೋಡ್ಕೊಂಡು ಬದುಕಿದವನು. ತಲೆ ಎತ್ತಿರಲಿಲ್ಲ. ಈ ವಾರ ಒಬ್ಬರು ಎತ್ತಿಸಿದ್ರು. ಯಾರಿಗೂ ಕಾಣದೆ ಇರೋದನ್ನೂ ಸರಿಯಾಗೇ ಬರೆಯೋರು ಅವರು. ಅವರ ಜೊತೆ ಎಷ್ಟು ದಿನ ಇರೋಕೆ ಆಗುತ್ತೋ ಅಷ್ಟೂ ದಿನ ಇಲ್ಲಿ ಇರಬೇಕು ಅಂತ ಆಸೆ. ಪಾಠ ಇಷ್ಟೇ. ನಾನು ಅವರನ್ನ ಪ್ರೀತಿಸ್ತೀನಿ.”

ಗುಮ್ಮಟದಲ್ಲಿ ಎಲ್ಲ ನಕ್ಷತ್ರಗಳೂ ಕಿವಿಯಾದಂತಿತ್ತು.

ಅಧ್ಯಕ್ಷೆ ಕತ್ತಲೆಯಲ್ಲಿ ಕೇಳಿದರು: “ಈ ಕೊನೆಯ ಭಾಗ ಪ್ರತಿ ಪ್ರದರ್ಶನದಲ್ಲೂ ಇರುತ್ತಾ?”

ಉತ್ತರ ಕೊಟ್ಟವಳು ಅವಳು. ಎಂದೂ ತೊದಲದ ಆ ದನಿ ಒಮ್ಮೆ ತೊದಲಿತು. “ಇಲ್ಲ ಮೇಡಮ್. ಇಲ್ಲಿ ಯಾವುದೂ ರೆಕಾರ್ಡಿಂಗ್ ಅಲ್ಲ. ಎದುರಿಗೆ ಇದ್ದವರಿಗೆ ಒಂದು ಸಲ ಹೇಳೋದು, ಅಷ್ಟೇ.”

“ಹಾಗಾದರೆ ನಾನು ಬಂದದ್ದು ಒಳ್ಳೇದಾಯ್ತು,” ಎಂದರು ಅಧ್ಯಕ್ಷೆ. “ಸಿನಿಮಾ ಬೇಡ. ಇಬ್ಬರೂ ಇರಿ. ಗಂಟಲು ಜೋಪಾನ.”

ಎಲ್ಲರೂ ಹೋದ ಮೇಲೆ ಅವರಿಬ್ಬರು ಉಳಿದರು. ಹಗಲಿನ ನಕ್ಷತ್ರಗಳನ್ನು ಯಾರೂ ಆರಿಸಿರಲಿಲ್ಲ.

“ಸಾವಿರ ಜನರ ಮುಂದೆ ದೂರದ್ದೆಲ್ಲ ಹೇಳಿದೀನಿ,” ಎಂದಳು ಅವಳು, ಅವನ ಅಂಗಿಯ ಗುಂಡಿಯೊಂದನ್ನು ನೋಡುತ್ತ. “ಇಷ್ಟು ಹತ್ತಿರದ್ದನ್ನ ಹೇಳಿ ಅಭ್ಯಾಸ ಇಲ್ಲ ನನಗೆ. ಮೆಲ್ಲಗೆ ಹೇಳ್ತೀನಿ. ಕಾಯ್ತೀಯಾ?”

“ಎಷ್ಟು ಹೊತ್ತಾದ್ರೂ.”

ಅವಳು ತಲೆಯೆತ್ತಿದಳು. ಒಂದು ಹೆಜ್ಜೆ ಮುಂದೆ ಬಂದು, ಹಣೆಯನ್ನು ಅವನ ಎದೆಗೆ ಒರಗಿಸಿ, ಅವನೊಬ್ಬನಿಗೇ ಕೇಳುವಂತೆ ಹೇಳಿದಳು. ಏನು ಹೇಳಿದಳೆಂಬುದು ಅವನಿಗೆ ಗೊತ್ತು. ಕಥೆ ಕೇಳಿದ ನಮಗೆ ಅವನ ಮುಖದ ಮೇಲಿನ ಬೆಳಕು ಸಾಕು.

ಈ ಕಥೆಯನ್ನು ಓದಿದವರ, ಓದಿಸಿ ಕೇಳಿದವರ, ಕೇಳಿ ಇನ್ನೊಬ್ಬರಿಗೆ ಹೇಳಿದವರ ಬಾಳಿನಲ್ಲಿ ಅಗಲಿದವರು ಕೂಡಲಿ, ಅರಿಯದವರು ಅರಿಯಲಿ, ಹುಟ್ಟಿದ ಪ್ರತಿಯೊಂದು ಜೀವದ ಮೇಲೂ ಒಂದು ಆಕಾಶ ಬಾಗಿ ಹರಸಲಿ. ಎಲ್ಲರಿಗೂ ಒಳಿತಾಗಲಿ.